ಪೀಠದ ಮುಂದೆ ಬಿಟ್ಟುಬಂದ ಕೋಳಿ

ಗುಬ್ಬಿ
6 ಆಗಸ್ಟ್ 1979

ದೊಡ್ಡಪ್ಪನವರಿಗೆ ಸಲೋಮಿಯ ನಮಸ್ಕಾರ.

ಕಾರ್ಡಿನಲ್ಲಿ ಜಾಗ ಕಡಿಮೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಶನಿವಾರ ಮರಳೂರಿನ ಮನೆ ಬಿಟ್ಟು ಬಂದೆ. ಗುಬ್ಬಿಯಲ್ಲಿ ಅವ್ವ ಬಾಡಿಗೆಗೆ ಇದ್ದ ಕೋಣೆ ಖಾಲಿಯೇ ಇತ್ತು. ಮನೆಯ ಒಡತಿ ಮಸ್ತಾನ್ ಬೀ ಬೀಗದ ಕೈ ಕೊಟ್ಟು, "ನಿಮ್ಮವ್ವ ಹೋದ್ಮೇಲೆ ಯಾರ್ಗೂ ಕೊಟ್ಟಿಲ್ಲ, ನೀನೇ ಇರು" ಎಂದರು. ಅವರ ಜೊತೆ ಬೀಡಿ ಕಟ್ಟುವುದನ್ನು ಕಲಿಯುತ್ತಿದ್ದೇನೆ. ಶೀತಕ್ಕೆ ಎಡಗಿವಿ ಸ್ವಲ್ಪ ಮಂದವಾಗಿದೆ, ಬೇರೆ ಏನೂ ಇಲ್ಲ. ನಿಮ್ಮ ಅಳಿಯನಿಗೆ ಹೇಳಿಯೇ ಬಂದಿದ್ದೇನೆ. ಮತ್ತೆ ಹೋಗುವುದಿಲ್ಲ. ಅಪ್ಪನ ವೇದಪುಸ್ತಕ ನಿಮ್ಮ ಪೆಟ್ಟಿಗೆಯಲ್ಲಿದೆಯಲ್ಲ, ಅದನ್ನು ಕಳಿಸಿಕೊಡಿ. ದೊಡ್ಡಮ್ಮನನ್ನು ಕೇಳಿದೆ ಎಂದು ಹೇಳಿ.

ಸಲೋಮಿ


ಕುಣಿಗಲ್
14 ಆಗಸ್ಟ್ 1979

ಮಗಳೇ ಸಲೋಮಿ,

ಇಂಥ ವಿಷಯವನ್ನು ಕಾರ್ಡಿನಲ್ಲಿ ಬರೆಯುತ್ತಾರೆಯೇ? ಪೋಸ್ಟ್‌ಮ್ಯಾನ್ ಅದನ್ನು ನನ್ನ ಕೈಗೆ ಕೊಡುವಾಗಲೇ "ಮಗ್ಳು ಗುಬ್ಬಿಗ್ ಬಂದವ್ರಂತಲ್ಲ ಉಪದೇಶಿಗಳೇ" ಎಂದ. ಇನ್ನು ಮುಂದೆ ಇನ್‌ಲ್ಯಾಂಡಿನಲ್ಲಿ ಬರೆ, ಅಂಚನ್ನು ಚೆನ್ನಾಗಿ ಅಂಟಿಸು.

ಇಪ್ಪತ್ತೆರಡು ವರ್ಷದಿಂದ ಈ ಊರಿನ ಸಭೆಗೆ ಉಪದೇಶಿಯಾಗಿದ್ದೇನೆ. ಪಾದ್ರಿ ಅಯ್ಯನವರು ತುಮಕೂರಿನಿಂದ ತಿಂಗಳಿಗೊಮ್ಮೆ ಬರುತ್ತಾರೆ. ಮಿಕ್ಕ ಭಾನುವಾರಗಳಲ್ಲಿ ಜನ ನನ್ನ ಬಾಯಿಂದಲೇ ವಾಕ್ಯ ಕೇಳಬೇಕು. ನಾನು ಎತ್ತಿ ಸಾಕಿದ ಹುಡುಗಿಯೇ ಗಂಡನನ್ನು ಬಿಟ್ಟು ಕೂತರೆ ಯಾವ ಮುಖ ಹೊತ್ತು ಪೀಠದ ಮುಂದೆ ನಿಲ್ಲಲಿ?

ನಿನ್ನ ಗಂಡ ನತಾನಿಯೇಲ ನಿನ್ನೆ ಬಂದಿದ್ದ. ಕೈ ಮಾಡಿದ್ದು ತಪ್ಪಾಯಿತು ಎಂದು ಅತ್ತ. ವರ್ಕ್‌ಶಾಪಿನಲ್ಲಿ ದಿನವಿಡೀ ಲೇತಿನ ಮುಂದೆ ನಿಂತು ಬರುವವನಿಗೆ ಸಿಟ್ಟು ಬರುವುದುಂಟು. ಮದುವೆಗೆ ಮುಂಚೆ ನಾನೇ ವಿಚಾರಿಸಿದ್ದೇನೆ, ಒಳ್ಳೆಯ ಹುಡುಗ.

ಯೇಸುಸ್ವಾಮಿ ಹೇಳಿದ ಮೂರು ಮಾತುಗಳನ್ನು ನೆನಪಿಡು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತಿರುಗಿಸಬೇಕು. ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು. ಹೆಂಡತಿ ಗಂಡನ ಮಾತಿಗೆ ತಗ್ಗಿ ನಡೆಯಬೇಕು. ಇಷ್ಟೇ.

ಕಿವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ತೊಟ್ಟು ಬಿಡು. ಪುಸ್ತಕವನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಓದು, ನಿನಗೇ ತಿಳಿಯುತ್ತದೆ.

ನಿನ್ನ ದೊಡ್ಡಪ್ಪ, ಯೋಹಾನಪ್ಪ


ಗುಬ್ಬಿ
10 ಸೆಪ್ಟೆಂಬರ್ 1979

ದೊಡ್ಡಪ್ಪನವರಿಗೆ,

ಪುಸ್ತಕ ತಲುಪಿತು. ಓದು ಎಂದಿರಿ, ಓದಿದೆ. ನಾಲ್ಕನೇ ಕ್ಲಾಸಿನವಳಾದ್ದರಿಂದ ನಿಧಾನ.

ಬೀಡಿ ಎಲೆ ಕತ್ತರಿಸುವಾಗ ಎಲೆಯ ಮೇಲೆ ಒಂದು ತಗಡಿನ ಅಳತೆ ಇಡುತ್ತೇವೆ. ಅದರೊಳಗೆ ಬಂದದ್ದು ಬೀಡಿಗೆ, ಹೊರಗೆ ಉಳಿದದ್ದು ಚೂರು. ಅದನ್ನು ನೋಡಿ ನನಗೊಂದು ಯೋಚನೆ ಬಂತು. ನಾಲ್ಕು ಸುವಾರ್ತೆಗಳಲ್ಲಿ ಸ್ವಾಮಿ ತಮ್ಮ ಬಾಯಿಂದಲೇ ಆಡಿದ ಮಾತುಗಳ ಕೆಳಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋದೆ. ಒಂದು ಪೆನ್ಸಿಲ್ ಮುಗಿದು ಎರಡನೆಯದಕ್ಕೆ ಬಂದಿದ್ದೇನೆ.

ನಿಮ್ಮ ಮೂರನೇ ಮಾತು ಸಿಗಲಿಲ್ಲ. ನಾನೇ ಬಿಟ್ಟಿರಬೇಕು ಎಂದು ಮತ್ತೆ ಮೊದಲಿನಿಂದ ನೋಡಿದೆ. ಅದು ಪುಸ್ತಕದ ಕೊನೆಯ ಕಡೆ, ಸ್ವಾಮಿ ಹೋದ ಮೇಲೆ ಅಪೊಸ್ತಲರು ಸಭೆಗಳಿಗೆ ಬರೆದ ಕಾಗದಗಳಲ್ಲಿದೆ. ಸ್ವಾಮಿ ಹೇಳಿದ್ದರೆ ಯಾವ ಅಧ್ಯಾಯ ಎಂದು ಬರೆಯಿರಿ.

ಎರಡನೇ ಮಾತು ಇದೆ. ಆದರೆ ಅಲ್ಲಿ ಪ್ರಶ್ನೆ ಕೇಳುವವರು ಗಂಡಸರು. ಯಾವ ಕಾರಣಕ್ಕಾದರೂ ಹೆಂಡತಿಯನ್ನು ಬಿಟ್ಟುಬಿಡಬಹುದೇ ಎಂದು ಕೇಳುತ್ತಾರೆ, ಸ್ವಾಮಿ ಕೂಡದು ಎನ್ನುತ್ತಾರೆ. ಹೆಂಗಸನ್ನು ಬೀದಿಗೆ ಹಾಕಬೇಡಿ ಎಂದು ಗಂಡಸರಿಗೆ ಹೇಳಿದ ಮಾತು ನನ್ನ ಹತ್ತಿರ ಬರುವಷ್ಟರಲ್ಲಿ, ಹೊಡೆಸಿಕೊಂಡು ಮನೆಯಲ್ಲೇ ಬಿದ್ದಿರು ಎಂದು ಹೇಗೆ ಆಯಿತು?

ಕೆನ್ನೆಯ ಮಾತೂ ಇದೆ. ಅದರ ಕೆಳಗೂ ಗೆರೆ ಎಳೆದೆ. ಆ ದಿನ ಪುಸ್ತಕ ಮುಚ್ಚಿ ಇಟ್ಟುಬಿಟ್ಟೆ. ಆದರೂ ಮುಂದಕ್ಕೆ ಓದಿದೆ. ಸ್ವಾಮಿಯನ್ನು ಹಿಡಿದು ಮಹಾಯಾಜಕನ ಮುಂದೆ ನಿಲ್ಲಿಸಿದಾಗ ಕಾವಲಿನವನೊಬ್ಬ ಅವರ ಕೆನ್ನೆಗೆ ಹೊಡೆಯುತ್ತಾನೆ. ಅವರು ಇನ್ನೊಂದು ಕೆನ್ನೆ ತಿರುಗಿಸಲಿಲ್ಲ. ನಾನು ಆಡಿದ್ದು ತಪ್ಪಾದರೆ ತೋರಿಸು, ಸರಿಯಾದರೆ ಯಾಕೆ ಹೊಡೆಯುತ್ತೀಯ ಎಂದು ಕೇಳಿದರು. ತಿರುಗಿ ಹೊಡೆಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ಆ ಮಾತನ್ನು ಹೇಳಿದವರೇ ಅದರ ಅರ್ಥವನ್ನು ಹೀಗೆ ಮಾಡಿ ತೋರಿಸಿದ್ದಾರೆ. ನಾನೂ ಹೊಡೆಯಲಿಲ್ಲ. ಯಾಕೆ ಹೊಡೆದಿರಿ ಎಂದು ಕೇಳಿ, ಬಾಗಿಲು ತೆಗೆದು ಬಂದೆ.

ಒಂದು ವಿಷಯವನ್ನು ಮುಚ್ಚಿಟ್ಟಿದ್ದೆ. ಕಿವಿಯದು ಶೀತವಲ್ಲ. ಅಂಗಿಗೆ ಗುಂಡಿ ಹೊಲಿದಿರಲಿಲ್ಲ ಎಂದು ಹೊಡೆದ ಏಟು. ಒಳಗಿನ ತಮಟೆ ಹರಿದಿದೆ, ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿದರು. ಇನ್ನೊಂದು ಕೆನ್ನೆ ತಿರುಗಿಸಿದರೆ ಆ ಕಡೆಯದೂ ಹೋಗುತ್ತದೆ. ಆಮೇಲೆ ವಾಕ್ಯವನ್ನು ಯಾವುದರಲ್ಲಿ ಕೇಳಲಿ?

ಸಲೋಮಿ


ಕುಣಿಗಲ್
22 ಸೆಪ್ಟೆಂಬರ್ 1979

ಸಲೋಮಿ,

ಉಪದೇಶಿಗೇ ಉಪದೇಶ ಮಾಡುವಷ್ಟು ಬೆಳೆದಿದ್ದೀಯ. ವೇದಪುಸ್ತಕವೇನು ಬೀಡಿ ಎಲೆಯೇ, ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಗುಡಿಸಿ ಹಾಕುವುದಕ್ಕೆ? ಅಪೊಸ್ತಲರು ಬರೆದದ್ದೂ ಅದೇ ಆತ್ಮದಿಂದ ಬಂದದ್ದು. ನಾಲ್ಕನೇ ಕ್ಲಾಸು ಓದಿದವಳ ತಲೆಯಲ್ಲಿ ಇದೆಲ್ಲ ತಾನಾಗಿ ಹುಟ್ಟುವುದಿಲ್ಲ. ಆ ಸಾಬರ ಮನೆಯಲ್ಲಿ ಯಾರೋ ತುಂಬುತ್ತಿದ್ದಾರೆ.

ಗುಬ್ಬಿ ಸಭೆಯ ಹಿರಿಯರಾದ ಮೋಶೆಯಪ್ಪನವರಿಗೆ ಕಾಗದ ಬರೆದಿದ್ದೇನೆ. ನಿನ್ನ ಒಳ್ಳೆಯದಕ್ಕೇ ಬರೆದದ್ದು.

ದೊಡ್ಡಮ್ಮ ರಾಗಿ ಹಿಟ್ಟು ಕಳಿಸಿದ್ದಾಳೆ.

ಯೋಹಾನಪ್ಪ


ಗುಬ್ಬಿ
8 ಅಕ್ಟೋಬರ್ 1979

ದೊಡ್ಡಪ್ಪನವರಿಗೆ,

ಇದನ್ನು ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನು ನಿನ್ನೆ ಆರಾಧನೆಯಲ್ಲಿ ಮೋಶೆಯಪ್ಪನವರು ಗಟ್ಟಿಯಾಗಿ ಓದಿದರು. ಮೂವತ್ತು ಜನ ಕೇಳಿದರು. ನನ್ನದನ್ನು ಒಬ್ಬ ಪೋಸ್ಟ್‌ಮ್ಯಾನ್ ಓದಿದರೆ ಏನಾಯಿತು? ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳಲು ಮೊಣಕಾಲೂರಿದ್ದ ನನ್ನನ್ನು ಎಬ್ಬಿಸಿದರು. ಕಾಣಿಕೆಗೆ ತಂದಿದ್ದ ಕುಂಬಳಕಾಯಿಯನ್ನೂ ವಾಪಸು ಕೊಟ್ಟರು. "ಮೊದ್ಲು ಹೋಗಿ ಗಂಡನ್ ಜೊತೆ ಒಂದಾಗಮ್ಮ, ಆಮೇಲ್ ಕಾಣಿಕೆ ತಗೊಂಡ್ ಬಾ. ಸ್ವಾಮಿ ಹಂಗೇ ಹೇಳಿರೋದು" ಎಂದರು. ಹೇಗೆ ಹೇಳಿದ್ದಾರೆ ಎಂದು ಹುಡುಕುತ್ತೇನೆ. ಕುಂಬಳಕಾಯಿಯನ್ನು ಮಸ್ತಾನ್ ಬೀ ಪಲ್ಯ ಮಾಡಿದರು. ಬರುವ ಭಾನುವಾರವೂ ಸಭೆಗೆ ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಸಲೋಮಿ


ಗುಬ್ಬಿ
19 ನವೆಂಬರ್ 1979

ದೊಡ್ಡಪ್ಪನವರಿಗೆ,

ನಾನು ಕಾರ್ಡು ಬರೆದು ಆರು ವಾರವಾಯಿತು, ನಿಮ್ಮ ಕಾಗದ ಇಲ್ಲ. ಆದರೂ ಬರೆಯಲೇಬೇಕಾಗಿದೆ.

ಶನಿವಾರ ಅತ್ತೆ ಮರಳೂರಿನಿಂದ ಬಂದಿದ್ದರು. ಮಗ ಕಳಿಸಿದ್ದ. ಬಾಗಿಲಲ್ಲಿ ನಿಂತು "ಬಾರಮ್ಮ, ಮನೆಗ್ ಹೋಗಾನ" ಎಂದರು. ಒಳಗೆ ಕರೆದು ಟೀ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟವರು ಇದ್ದಕ್ಕಿದ್ದ ಹಾಗೆ ಬಲಗೈ ಮೇಲಿನ ಸೆರಗನ್ನು ಸರಿಸಿದರು. ಮೊಣಕೈ ಕೆಳಗೆ ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಎರಡು ವರ್ಷ ಒಂದೇ ಮನೆಯಲ್ಲಿದ್ದಾಗ ಅದನ್ನು ನೋಡಿದ್ದೆ. ಬಾವಿಕಟ್ಟೆ ಮೇಲೆ ಬಿದ್ದದ್ದು ಎಂದಿದ್ದರು.

"ಬಾವಿಕಟ್ಟೆ ಮಾಡಿದ್ದಲ್ಲ ಕಣಮ್ಮ, ನಾನ್ ಹೆತ್ತವ್ನು ಮಾಡಿದ್ದು" ಎಂದರು.

"ಯಾರ್ಗೂ ಹೇಳ್ಲಿಲ್ವಾ ಅತ್ತೆ?"

"ಹೇಳ್ದೆ. ಕೈ ಕಟ್ಟು ಬಿಚ್ಚೋಕ್ ಮುಂಚೇನೇ ಕುಣಿಗಲ್ ಬಸ್ ಹತ್ತಿ ನಿಮ್ ದೊಡ್ಡಪ್ಪನ್ ಹತ್ರ ಹೋಗಿ ಹೇಳ್ದೆ. ಅವನ್ನ ಕರ್ಸಿ ಪುಸ್ತಕದ್ ಮೇಲೆ ಕೈ ಇಡ್ಸಿ ಪ್ರಮಾಣ ಮಾಡ್ಸಿದ್ರು. ಮದ್ವೆ ಆದ್ರೆ ಸರಿಹೋಯ್ತಾನೆ ಅಂದ್ರು. ಹೆಣ್ಣೂ ಅವ್ರೇ ತೋರ್ಸಿದ್ರು."

ಬೀಡಿಗೆ ದಾರ ಸುತ್ತುತ್ತಿದ್ದ ಮಸ್ತಾನ್ ಬೀ, "ಮದ್ವೆ ಅಂದ್ರೆ ಏನು ದವಾಖಾನೇನಾ, ಹೊಡೆಯೋ ಕಾಯ್ಲೆ ವಾಸಿ ಮಾಡೋಕೆ?" ಎಂದರು. ಅತ್ತೆ ಇನ್ನೊಂದು ಸಲ ನನ್ನನ್ನು ಕರೆಯಲಿಲ್ಲ. ಸಂಜೆ ಬಸ್ಸಿಗೆ ಒಬ್ಬರೇ ಹೋದರು.

ಈಗ ಮೋಶೆಯಪ್ಪನವರು ಹೇಳಿದ ಮಾತಿಗೆ ಬರುತ್ತೇನೆ. ಅದು ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಕಾಣಿಕೆ ಹಿಡಿದು ಪೀಠದ ಹತ್ತಿರ ನಿಂತಾಗ, ಯಾರದೋ ಮನಸ್ಸಿನಲ್ಲಿ ನಿನ್ನ ಮೇಲೆ ನೋವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಬೇಕು. ಮೊದಲು ಅವರ ಜೊತೆ ಸರಿಮಾಡಿಕೊಂಡು, ಆಮೇಲೆ ಬಂದು ಒಪ್ಪಿಸಬೇಕು. ನಾನು ಹತ್ತು ಸಲ ಓದಿದೆ. ಇದು ನೋವು ತಿಂದವಳಿಗೆ ಹೇಳಿದ್ದೇ ಅಲ್ಲ. ನೋವು ಕೊಟ್ಟವನು ನೆನಪು ಮಾಡಿಕೊಂಡು ಎದ್ದು ಹೋಗಬೇಕು. ಈ ಮಾತಿಗಾಗಿ ನನ್ನ ಕುಂಬಳಕಾಯಿಯನ್ನು ವಾಪಸು ಕೊಟ್ಟರು. ವಾಪಸು ಹೋಗಬೇಕಾದ ಕಾಣಿಕೆ ನನ್ನದಾಗಿರಲಿಲ್ಲ.

ಜನವರಿಯಲ್ಲಿ ನಿಮ್ಮ ಸಭೆಯ ಸುಗ್ಗಿಹಬ್ಬ. ಪ್ರತಿ ವರ್ಷ ಮೊದಲ ಕಾಣಿಕೆ ಹಿಡಿದು ಹೋಗುವವರು ನೀವು. ಈ ಸಲ ಅಲ್ಲಿ ನಿಂತಾಗ ನಿಮಗೆ ಯಾರ ನೆನಪಾಗುತ್ತದೆ?

ಸಲೋಮಿ


ಕುಣಿಗಲ್
5 ಡಿಸೆಂಬರ್ 1979

ಮಗಳೇ,

ನನಗೆ ಗೊತ್ತಿತ್ತು. ಅವನು ನನ್ನ ಮುಂದೆ ಅತ್ತಿದ್ದ, ಆ ಅಳು ನಿಜ ಎಂದುಕೊಂಡೆ. ಅಪ್ಪ ಇಲ್ಲದ ಹುಡುಗಿ ನೀನು, ನಿನ್ನನ್ನು ಬೇಗ ಒಂದು ಮನೆ ಸೇರಿಸಬೇಕೆಂಬ ಅವಸರವೂ ನನಗಿತ್ತು. ನಿನ್ನ ಒಳ್ಳೆಯ ಗುಣಕ್ಕೆ ಅವನು ತಿದ್ದಿಕೊಳ್ಳುತ್ತಾನೆ ಎಂದು ನಂಬಿದೆ.

ಇದು ನಮ್ಮಿಬ್ಬರಲ್ಲೇ ಇರಲಿ. ದೊಡ್ಡಮ್ಮನಿಗೂ ಹೇಳಿಲ್ಲ. ಎಪ್ಪತ್ತೇಳು ಸಲವಾದರೂ ಕ್ಷಮಿಸಬೇಕು ಎಂದು ಸ್ವಾಮಿಯೇ ಹೇಳಿದ್ದಾರೆ, ಅದರ ಕೆಳಗಾದರೂ ನೀನು ಗೆರೆ ಎಳೆದಿರುತ್ತೀಯ. ಕ್ಷಮಿಸಿದೆ ಎಂದು ಒಂದು ಸಾಲು ಬರೆ, ಸಾಕು. ಈ ಕವರಿನಲ್ಲಿ ಒಂದು ಇನ್‌ಲ್ಯಾಂಡ್ ಇಟ್ಟಿದ್ದೇನೆ. ವಿಳಾಸವನ್ನೂ ನಾನೇ ಬರೆದಿದ್ದೇನೆ.

ದೊಡ್ಡಪ್ಪ


ಗುಬ್ಬಿ
17 ಡಿಸೆಂಬರ್ 1979

ದೊಡ್ಡಪ್ಪನವರಿಗೆ,

ನೀವು ಕಳಿಸಿದ ಇನ್‌ಲ್ಯಾಂಡಿನಲ್ಲೇ ಬರೆಯುತ್ತಿದ್ದೇನೆ. ಆ ಮಾತಿನ ಕೆಳಗೆ ಗೆರೆ ಇದೆ. ಲೂಕನ ಸುವಾರ್ತೆಯಲ್ಲಿ ಅದನ್ನೇ ಇನ್ನೂ ಬಿಡಿಸಿ ಹೇಳಿದ್ದಾರೆ. ತಪ್ಪು ಮಾಡಿದವನಿಗೆ ಅದು ತಪ್ಪು ಎಂದು ಹೇಳು, ಅವನು ಒಪ್ಪಿಕೊಂಡರೆ ಕ್ಷಮಿಸು, ದಿನಕ್ಕೆ ಏಳು ಸಲ ಬಂದು ತಪ್ಪಾಯಿತು ಎಂದರೂ ಕ್ಷಮಿಸು. ಅಲ್ಲಿ ಅವನು ಏಳು ಸಲ ಬರುತ್ತಾನೆ. ನೀವು ಒಂದು ಸಲವೂ ಬಂದಿಲ್ಲ.

ಆ ಒಂದು ಸಾಲನ್ನು ಈಗ ಬರೆಯುವುದಿಲ್ಲ. ಇದು ದ್ವೇಷವಲ್ಲ. ಅಪ್ಪ ಸತ್ತ ವರ್ಷ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರು ನೀವು. ತಪ್ಪು ಬರೆದರೆ ಒರೆಸಿ ಮತ್ತೆ ಬರೆಸುತ್ತಿದ್ದಿರಿ, ಅಳುತ್ತಿದ್ದರೂ ಬಿಡುತ್ತಿರಲಿಲ್ಲ.

ಸಲೋಮಿ


ಕುಣಿಗಲ್
23 ಜನವರಿ 1980

ಮಗಳೇ ಸಲೋಮಿ,

ಭಾನುವಾರ ನಡೆದದ್ದರಲ್ಲಿ ನಿನಗೆ ಗೊತ್ತಿರುವುದು ಕೊನೆಯ ಒಂದು ಗಂಟೆ ಮಾತ್ರ. ಅದರಲ್ಲೂ ಮುಖ್ಯವಾದದ್ದು ಗೊತ್ತಿಲ್ಲ ಎಂದು ನನಗೆ ಬಸ್ಸಿನಲ್ಲಿ ಹೊಳೆಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಅಂದು ಸುಗ್ಗಿಹಬ್ಬ. ಅಯ್ಯನವರು ಬಂದಿದ್ದರು. ಪೀಠದ ಮುಂದೆ ರಾಗಿ ತೆನೆ, ತೆಂಗಿನಕಾಯಿ, ಅವರೆಕಾಯಿ, ಎಲ್ಲ ತುಂಬಿತ್ತು. ಕಾಣಿಕೆ ಒಪ್ಪಿಸಿ ಪ್ರಾರ್ಥನೆ ಆದ ಮೇಲೆ ಅದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುವ ವಾಡಿಕೆ ನಿನಗೆ ಗೊತ್ತು. ದೊಡ್ಡಮ್ಮ ಸಾಕಿದ ಕೆಂಪು ಕೋಳಿಯನ್ನು ಕಾಲು ಕಟ್ಟಿ ಹಿಡಿದುಕೊಂಡು ನಾನು ಮೊದಲು ಹೋದೆ. ಅಯ್ಯನವರು ಕೈ ಚಾಚಿದರು. ನನಗೆ ಕೊಡಲಾಗಲಿಲ್ಲ. ನೀನು ಕೇಳಿದ್ದ ಪ್ರಶ್ನೆ ಅಲ್ಲೇ ನಿಂತಿತ್ತು. ಕೋಳಿಯನ್ನು ನೆಲದ ಮೇಲಿಟ್ಟು, "ಇದ್ನ ಯಾರೂ ಮುಟ್ಬೇಡಿ, ನಾನೇ ಬಂದು ಒಪ್ಪಿಸ್ತೀನಿ" ಎಂದು ಹೇಳಿ ನಡುವಿನ ದಾರಿಯಲ್ಲಿ ಹೊರಗೆ ನಡೆದೆ. "ಉಪದೇಶಿಗಳಿಗೆ ಹೊಟ್ಟೆ ಕೆಟ್ಟೈತೆ ಅಂತ ಕಾಣ್ತದೆ" ಎಂದು ಯಾರೋ ಅಂದದ್ದು ಕೇಳಿಸಿತು.

ಮರಳೂರಿನಲ್ಲಿ ಇಳಿದು ನಿಮ್ಮತ್ತೆಯ ಮುಂದೆ ನಿಂತು ತಪ್ಪಾಯಿತು ಎಂದೆ. ಅವರು "ಇಷ್ಟ್ ವರ್ಷ ಬೇಕಾಯ್ತಾ ಉಪದೇಶಿಗಳೇ" ಎಂದರು. ಅಲ್ಲಿಂದ ಮತ್ತೆ ಬಸ್ ಹತ್ತಿದೆ. ಗುಬ್ಬಿಗೆ ಬಂದಾಗ ಮೂರು ಗಂಟೆ. ನೀನು ನಿಟ್ಟೂರಿಗೆ ಹೋಗಿದ್ದೆ. ಮಸ್ತಾನ್ ಬೀ ಜಗುಲಿಯಲ್ಲಿ ಚಾಪೆ ಹಾಸಿ ಊಟಕ್ಕೆ ಇಟ್ಟರು. "ನಿಮ್ ಕಾಗ್ದ ಬಂದ್ರೆ ಎರಡ್ ದಿನ ಈ ಹುಡ್ಗಿ ಮಾತೇ ಆಡಲ್ಲ. ಇವತ್ತು ಕಾಗ್ದ ಬಿಟ್ಟು ನೀವೇ ಬಂದ್ರಲ್ಲ, ಮೊದ್ಲು ಊಟ ಮಾಡಿ" ಎಂದರು. ಅವರ ಮನೆಯ ಬಗ್ಗೆ ನಾನು ಬರೆದಿದ್ದ ಮಾತನ್ನು ನೆನೆಯುತ್ತಲೇ ಉಂಡೆ.

ಆಮೇಲೆ ನೀನು ಬಂದೆ. ನನ್ನ ಪಕ್ಕದಲ್ಲಿ ಕೂತು ಎಲೆ ಕತ್ತರಿಸತೊಡಗಿದೆ. ನಾನು ತಲೆ ತಗ್ಗಿಸಿಕೊಂಡು ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ನೀನು ಕತ್ತರಿಯಿಂದ ಕಣ್ಣು ಎತ್ತಲಿಲ್ಲ. ಕೊನೆಗೆ "ಬಸ್ಸಿಗೆ ಹೊತ್ತಾಗ್ಲಿಲ್ವಾ ದೊಡ್ಡಪ್ಪ?" ಎಂದೆ. ಕೋಪ ಇಳಿದಿಲ್ಲ ಎಂದುಕೊಂಡು ಎದ್ದು ಬಂದೆ. ಬಸ್ಸು ತುಮಕೂರು ದಾಟುವಾಗ ತಿಳಿಯಿತು, ನಾನು ಕೂತದ್ದು ನಿನ್ನ ಎಡಗಡೆ. ನಿನ್ನ ಕಿವಿ ಹೋಯಿತು ಎಂದು ನೀನು ಬರೆದಾಗ ನನ್ನ ಉತ್ತರದಲ್ಲಿ ಅದರ ಬಗ್ಗೆ ಒಂದು ಮಾತೂ ಬರೆದಿರಲಿಲ್ಲ. ಬರೆದಿದ್ದರೆ ಯಾವ ಕಡೆ ಎಂದು ಮರೆಯುತ್ತಿರಲಿಲ್ಲ.

ಅಂದು ಹೇಳಿದ್ದು ಇದು. ಅವನು ಹೊಡೆಯುತ್ತಾನೆ ಎಂದು ತಿಳಿದೇ ನಿನ್ನನ್ನು ಕೊಟ್ಟೆ. ನಿನಗೆ ಹೇಳಲಿಲ್ಲ. ಆಮೇಲೆ ನನ್ನ ತಪ್ಪನ್ನು ಮುಚ್ಚಿಕೊಳ್ಳುವುದಕ್ಕೆ ಸ್ವಾಮಿಯ ಮಾತನ್ನು ಅಡ್ಡ ಹಿಡಿದೆ. ತಪ್ಪಾಯಿತು ಮಗಳೇ.

ದೊಡ್ಡಪ್ಪ


ಗುಬ್ಬಿ
4 ಫೆಬ್ರವರಿ 1980

ದೊಡ್ಡಪ್ಪ,

ಈಗ ಕೇಳಿಸಿತು. ಅಂದು ಒಂದು ಮಾತೂ ಕೇಳಿಸಿರಲಿಲ್ಲ. ಇಷ್ಟು ದೂರ ಬಂದು ಏನೂ ಹೇಳದೆ ಹೊರಟರಲ್ಲ ಎಂದು ಕೂತು ಅತ್ತುಬಿಟ್ಟೆ. "ಅಷ್ಟೊತ್ತಿಂದ ಬಾಯಾಡಿಸ್ತಾನೇ ಇದ್ರಲ್ಲೇ, ನೀನ್ ಕೇಳ್ಲಿಲ್ವಾ?" ಎಂದು ಮಸ್ತಾನ್ ಬೀ ಅಂದ ಮೇಲೆ ನೀವು ಮಾತಾಡಿದ್ದು ಗೊತ್ತಾಯಿತು.

ಕ್ಷಮಿಸಿದ್ದೇನೆ. ಈ ಸಾಲನ್ನು ನಾನೇ ಬರೆಯುತ್ತಿದ್ದೇನೆ.

ಆದರೆ ಕ್ಷಮಿಸಿದರೆ ಸರಿಯಾದಂತಲ್ಲ. ನನ್ನನ್ನು ತಪ್ಪಿತಸ್ಥಳನ್ನಾಗಿ ಮಾಡಿದ ಕಾಗದವನ್ನು ಗುಬ್ಬಿಯಲ್ಲಿ ಮೂವತ್ತು ಜನ ಕೇಳಿದ್ದಾರೆ. ನಿಮ್ಮ ತಪ್ಪನ್ನು ನಾನೊಬ್ಬಳೇ ಓದಿದ್ದೇನೆ. ನಾನು ಈಗಲೂ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದೇನೆ. ಮೋಶೆಯಪ್ಪನವರಿಗೆ ಇನ್ನೊಂದು ಕಾಗದ ಬರೆಯಿರಿ. ಮೊದಲಿನದನ್ನು ಓದಿದ ಹಾಗೆಯೇ ಅದನ್ನೂ ಗಟ್ಟಿಯಾಗಿ ಓದಲಿ. ಅದರಲ್ಲಿ ಏನಿರಬೇಕೆಂದು ನಿಮಗೆ ಗೊತ್ತು. ನಾನು ಮರಳೂರಿಗೆ ಹೋಗುವುದಿಲ್ಲ ಎಂಬುದೂ ಇರಲಿ.

ಅಲ್ಲಿಯವರೆಗೆ ಕೋಳಿ ಇದ್ದಲ್ಲೇ ಇರಲಿ.

ಸಲೋಮಿ


ಕುಣಿಗಲ್
25 ಫೆಬ್ರವರಿ 1980

ಮಗಳೇ,

ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ದೊಡ್ಡಮ್ಮನಿಗೆ ಓದಿ ಹೇಳಿ, ಪೋಸ್ಟ್ ಮಾಡಿ ಬಂದೆ. ಅವಳು ನನ್ನ ಮುಂದೆ ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ. ಅಯ್ಯನವರಿಗೂ ಎಲ್ಲ ಹೇಳಿದೆ, ವಿಷಯ ಇತ್ಯರ್ಥವಾಗುವವರೆಗೆ ಪ್ರಸಂಗ ಮಾಡುವುದು ಬೇಡ ಎಂದಿದ್ದಾರೆ. ನಾನೂ ಈಗ ಹಿಂದಿನ ಬೆಂಚಿನವನೇ. ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಒಂದು ಸಲವೂ ಕೂತಿರಲಿಲ್ಲ. ಅಲ್ಲಿಗೆ ಮಾತು ಎಷ್ಟು ಕಡಿಮೆ ಕೇಳಿಸುತ್ತದೆ!

ಕೋಳಿಯ ಕಥೆ ದೊಡ್ಡದಾಗಿದೆ. ಅದರ ಕಾಲು ಬಿಚ್ಚಿ ಕಾಳು ಹಾಕುತ್ತಿದ್ದರು. ಅದು ಪೀಠದ ಹಿಂದೆ, ಹಳೆಯ ಹಾಡಿನ ಪುಸ್ತಕಗಳ ಬುಟ್ಟಿಯಲ್ಲಿ ಮೊಟ್ಟೆ ಇಡತೊಡಗಿತು. ಮೊಟ್ಟೆ ಸಭೆಯದೋ ಉಪದೇಶಿಯದೋ ಎಂದು ಹಿರಿಯರಲ್ಲಿ ಎರಡು ಪಕ್ಷವಾಯಿತು. ಒಪ್ಪಿಸದ ಕಾಣಿಕೆಯ ಮೊಟ್ಟೆಯನ್ನು ತಿನ್ನಲು ಮಾತ್ರ ಯಾವ ಪಕ್ಷಕ್ಕೂ ಧೈರ್ಯ ಬರಲಿಲ್ಲ. ಅವರು ವಾದ ಮಾಡುತ್ತಿದ್ದ ಹಾಗೆಯೇ ಕೋಳಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತುಬಿಟ್ಟಿದೆ.

ಸಲೋಮಿ ಕರೆಯದೆ ಗುಬ್ಬಿಗೆ ಹೋಗಕೂಡದು ಎಂದು ನತಾನಿಯೇಲನಿಗೆ ಅವನ ವರ್ಕ್‌ಶಾಪಿನ ಬಾಗಿಲಲ್ಲೇ ನಿಂತು ಹೇಳಿ ಬಂದೆ. ಈ ಸಲವೂ ಅತ್ತ. ಆ ಅಳುವನ್ನು ನಂಬಿ ನಾನು ಏನನ್ನೂ ಒಪ್ಪಿಕೊಳ್ಳಲಿಲ್ಲ. ನಿಮ್ಮತ್ತೆ ಈಗ ನಮ್ಮ ಮನೆಯಲ್ಲಿದ್ದಾರೆ. ದೊಡ್ಡಮ್ಮ ಮಾತಾಡುವುದು ಅವರ ಜೊತೆ.

ದೊಡ್ಡಪ್ಪ


ಗುಬ್ಬಿ
3 ಮಾರ್ಚ್ 1980

ಪ್ರೀತಿಯ ದೊಡ್ಡಪ್ಪನವರಿಗೆ,

ನಿನ್ನೆ ಮೋಶೆಯಪ್ಪನವರು ನಿಮ್ಮ ಕಾಗದ ಓದಿದರು. ಎರಡು ಸಾಲು ಆಗುವಷ್ಟರಲ್ಲಿ ಅವರ ದನಿ ಇಳಿದುಹೋಯಿತು. ನಾನು ಎದ್ದು ನಿಂತು "ಗಟ್ಟಿಯಾಗ್ ಓದಿ ಅಣ್ಣ, ನನ್ಗಿರೋದು ಒಂದೇ ಕಿವಿ" ಎಂದೆ. ಸಭೆಯಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು. ಅವರು ಮತ್ತೆ ಮೊದಲಿನಿಂದ ಓದಿದರು.

ತಿಳಿದೇ ಕೊಟ್ಟೆ ಎಂದು ನೀವು ಬರೆದಿರುವ ಕಡೆ ಹೆಂಗಸರ ಬೆಂಚಿನಲ್ಲಿ ಯಾರೋ ಅತ್ತರು. ಯಾರೆಂದು ನಾನು ನೋಡಲಿಲ್ಲ. ಆಮೇಲೆ ಮುಂದೆ ಹೋಗಿ ಎಲ್ಲರ ಜೊತೆ ಮೊಣಕಾಲೂರಿದೆ. ಯಾರೂ ಎಬ್ಬಿಸಲಿಲ್ಲ. ಮರಳೂರಿನ ಮಾತನ್ನು ಯಾರೂ ಎತ್ತಲಿಲ್ಲ. ಹೊರಗೆ ಬಂದಾಗ ಇಬ್ಬರು ಹೆಂಗಸರು ಚಪ್ಪಲಿ ಹುಡುಕುವವರ ಹಾಗೆ ನನ್ನ ಹತ್ತಿರ ಬಂದು, ಆ ಗೆರೆ ಎಳೆದ ಪುಸ್ತಕವನ್ನು ನೋಡಬಹುದೇ ಎಂದು ಕೇಳಿದರು. ಬುಧವಾರ ಮಧ್ಯಾಹ್ನ ನಮ್ಮ ಜಗುಲಿಗೆ ಬರುತ್ತಾರೆ. ಎರಡು ಪೆನ್ಸಿಲ್ ತಂದಿಟ್ಟಿದ್ದೇನೆ.

ನನ್ನ ಮನಸ್ಸಿನಲ್ಲಿ ನಿಮ್ಮ ಮೇಲೆ ಈಗ ಏನೂ ಇಲ್ಲ. ಬರುವ ಭಾನುವಾರ ಆ ಬೆಂಚಿನಿಂದ ಎದ್ದು ಹೋಗಿ ಕೋಳಿಯನ್ನು ಒಪ್ಪಿಸಿ. ಮರಿಯಾಗಿದ್ದರೆ ಅವನ್ನೂ ಸೇರಿಸಿ. ಹರಾಜಿನಲ್ಲಿ ನನ್ನ ಹೆಸರಿಗೆ ಒಂದು ಮರಿಯನ್ನು ದೊಡ್ಡಮ್ಮ ಕೂಗಲಿ. ಮಸ್ತಾನ್ ಬೀ ಹಿತ್ತಲಲ್ಲಿ ಜಾಗ ಇದೆ. ಅದನ್ನು ತಂದುಕೊಡುವುದಕ್ಕೆ ನೀವೇ ಬನ್ನಿ.

ಬಂದಾಗ ನನ್ನ ಬಲಗಡೆ ಕೂತುಕೊಳ್ಳಿ.

ನಿಮ್ಮ ಮಗಳು
ಸಲೋಮಿ